ಸೀಮಂತದ ಹೊತ್ತಿಗೆ ಬರುವ ಸಕ್ಕರೆ

ಬಸವನಗುಡಿಯ ಮನೆಗಳಲ್ಲಿ ಬಸುರಿಗೆ ಆರೇಳು ತಿಂಗಳು ತುಂಬುವ ಕಾಲವೆಂದರೆ ಸಿಹಿಯ ಕಾಲ. ತವರಿನಿಂದ ಹೋಳಿಗೆ ಬರುತ್ತದೆ, ಚಿಕ್ಕಮ್ಮ ಸಜ್ಜಪ್ಪ ಕಟ್ಟಿ ಕಳಿಸುತ್ತಾರೆ, ಎದುರುಮನೆಯವರು ಬಯಕೆಯ ಹೆಸರಿನಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ತಂದಿಡುತ್ತಾರೆ. ಸೀಮಂತಕ್ಕೆ ದಿನ ನೋಡುವುದು, ಗಾಂಧಿ ಬಜಾರಿನಲ್ಲಿ ಹಸಿರು ಬಳೆ, ಹೂವು, ಹಣ್ಣು ಕೊಳ್ಳುವುದು ನಡೆದಿರುತ್ತದೆ. ಗರ್ಭಾವಧಿಯ ಮಧುಮೇಹವನ್ನು (ಜಿಡಿಎಂ) ಹುಡುಕಲು ವೈದ್ಯಶಾಸ್ತ್ರ ಆರಿಸಿಕೊಂಡಿರುವುದೂ ಇದೇ ಹೊತ್ತನ್ನು: 24ರಿಂದ 28ನೆಯ ವಾರ. ‘ಎರಡು ಜೀವ ಕಣೇ, ಚೆನ್ನಾಗಿ ತಿನ್ನು’ ಎಂದು ಎಲ್ಲರೂ ಹೇಳುತ್ತಿರುವಾಗಲೇ ಒಂದು ರಿಪೋರ್ಟು ಬಂದು ‘ಬೇಡ, ಅಳೆದು ತಿನ್ನು’ ಎನ್ನುತ್ತದೆ. ಮನಸ್ಸು ಕಲಕಲು ಇದಕ್ಕಿಂತ ಕೆಟ್ಟ ಮುಹೂರ್ತ ಸಿಗುವುದು ಕಷ್ಟ.

ಪರೀಕ್ಷೆ ಸರಳವಾದದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ ಐದು ನಿಮಿಷದೊಳಗೆ ಕುಡಿಯಲು ಹೇಳುತ್ತಾರೆ. ಎರಡು ಗಂಟೆ ಕಳೆದ ಮೇಲೆ ರಕ್ತ ನೋಡುತ್ತಾರೆ. ಒಂದು ಡೆಸಿಲೀಟರ್‌ಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಜಿಡಿಎಂ. ಬಸುರಿ ಖಾಲಿ ಹೊಟ್ಟೆಯಲ್ಲಿ ಬರಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಚೆನ್ನೈನ ವೈದ್ಯ ವಿ. ಶೇಷಯ್ಯ ಮತ್ತು ಅವರ ಸಂಗಡಿಗರು ಪಟ್ಟು ಹಿಡಿದು ಮುಂದಿಟ್ಟ ಈ ವಿಧಾನವನ್ನು ಕೇಂದ್ರ ಸರ್ಕಾರ ತನ್ನ ಮಾರ್ಗಸೂಚಿಯಲ್ಲಿ ಒಪ್ಪಿಕೊಂಡಿದೆ. ಅವರ ಹುಟ್ಟುಹಬ್ಬವಾದ ಮಾರ್ಚ್ 10 ದೇಶದಲ್ಲಿ ಜಿಡಿಎಂ ಜಾಗೃತಿ ದಿನ. ಕೃಷ್ಣರಾಜೇಂದ್ರ ರಸ್ತೆಯ ಕೊನೆಯಲ್ಲಿ 1935ರಿಂದ ಹೆರಿಗೆ ಮಾಡಿಸುತ್ತಿರುವ ವಾಣಿವಿಲಾಸ ಆಸ್ಪತ್ರೆಯಂಥ ಕಡೆಗೆ ಅರ್ಧ ದಿನದ ಕೂಲಿ ಬಿಟ್ಟು ಬರುವ ಹೆಂಗಸಿಗೆ ‘ಇವತ್ತು ಹೋಗಿ, ನಾಳೆ ಏನೂ ತಿನ್ನದೆ ಬಾ’ ಎನ್ನದಿರುವುದೂ ಒಂದು ಚಿಕಿತ್ಸೆಯೇ. ಹಲವು ಖಾಸಗಿ ಆಸ್ಪತ್ರೆಗಳು ಮಾತ್ರ ಖಾಲಿ ಹೊಟ್ಟೆಯಲ್ಲಿ ಮೂರು ಸಲ ರಕ್ತ ತೆಗೆಯುವ ಇನ್ನೊಂದು ಮಾನದಂಡ ಬಳಸುತ್ತವೆ. ಹೀಗಾಗಿ ಒಂದು ಕಡೆ ‘ಇದೆ’ ಎನಿಸಿಕೊಂಡವಳು ಇನ್ನೊಂದು ಕಡೆ ‘ಇಲ್ಲ’ ಎನಿಸಿಕೊಳ್ಳಬಹುದು. ಅವಳ ಗೊಂದಲಕ್ಕೆ ಅವಳ ಅಜ್ಞಾನವೇ ಕಾರಣವೆಂದು ಯಾರೂ ತಿಳಿಯಬೇಕಾಗಿಲ್ಲ.

ರಿಪೋರ್ಟು ಕೈಗೆ ಬಂದ ಮೇಲೆ ಹೆಚ್ಚಿನ ಹೆಂಗಸರಿಗೆ ಮೊದಲು ಮೂಡುವುದು ‘ಏನು ಮಾಡಬೇಕು’ ಎಂಬ ಪ್ರಶ್ನೆಯಲ್ಲ, ‘ನಾನು ಏನು ತಪ್ಪು ಮಾಡಿದೆ’ ಎಂಬುದು. ಹೋದ ವಾರದ ಮೈಸೂರುಪಾಕು, ಬೇಸಿಗೆಯಲ್ಲಿ ತಿಂದ ಮಾವಿನಹಣ್ಣು, ಆಫೀಸಿನಲ್ಲಿ ಕೂತೇ ಕಳೆದ ದಿನಗಳು ಎಲ್ಲವೂ ಸಾಕ್ಷಿಗೆ ಬಂದು ನಿಲ್ಲುತ್ತವೆ. ಮನೆಯವರ ಮಾತು ಇದಕ್ಕೆ ಸೇರಿಕೊಳ್ಳುತ್ತದೆ. ‘ನಿಮ್ಮ ಮನೆ ಕಡೆ ಯಾರಿಗಿತ್ತಮ್ಮ?’ ಎಂದು ಅತ್ತೆ ಮೆಲ್ಲಗೆ ಕೇಳುತ್ತಾರೆ. ಕೆಲವರು ಅತ್ತೆಮನೆಗೆ ತಿಳಿಸುವುದೇ ಇಲ್ಲ, ತಿಳಿಸಿದರೂ ಇನ್ಸುಲಿನ್ ವಿಷಯ ಮುಚ್ಚಿಡುತ್ತಾರೆ.

ಶರೀರದೊಳಗೆ ನಡೆಯುತ್ತಿರುವುದು ಬೇರೆ ಕಥೆ. ಗರ್ಭದಲ್ಲಿ ಮಗುವಿನ ಜೊತೆಗೇ ಬೆಳೆಯುವ ಮಾಸು ತಾಯಿಯ ರಕ್ತಕ್ಕೆ ಹಲವು ಹಾರ್ಮೋನುಗಳನ್ನು ಬಿಡುತ್ತದೆ: ಪ್ಲಾಸೆಂಟಲ್ ಲ್ಯಾಕ್ಟೋಜೆನ್, ಪ್ರೊಜೆಸ್ಟರಾನ್, ಬೆಳವಣಿಗೆಯ ಹಾರ್ಮೋನಿನ ಒಂದು ರೂಪ. ಇವುಗಳ ಪ್ರಭಾವದಿಂದ ತಾಯಿಯ ಸ್ನಾಯುಗಳು, ಕೊಬ್ಬಿನ ಕೋಶಗಳು ಇನ್ಸುಲಿನ್‌ಗೆ ಮೊದಲಿನಷ್ಟು ಸುಲಭವಾಗಿ ಓಗೊಡುವುದಿಲ್ಲ. ಊಟದಿಂದ ಬಂದ ಗ್ಲೂಕೋಸು ರಕ್ತದಲ್ಲಿ ತುಸು ಹೆಚ್ಚು ಹೊತ್ತು ಉಳಿಯುತ್ತದೆ, ಉಳಿದದ್ದು ಮಾಸನ್ನು ದಾಟಿ ಮಗುವಿಗೆ ಸಿಗುತ್ತದೆ. ಇದು ಕೆಡುಕಲ್ಲ, ಎಲ್ಲ ಬಸುರಿಯರಲ್ಲೂ ನಡೆಯುವ ಏರ್ಪಾಡು. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಕೆಲವರಲ್ಲಿ ಅದಕ್ಕೆ ಅಷ್ಟು ಕಸುವು ಇರುವುದಿಲ್ಲ. ಅವರಿಗೆ ಜಿಡಿಎಂ. ಮನೆತನದಲ್ಲಿ ಮಧುಮೇಹ, ವಯಸ್ಸು, ಬಸುರಿಗೆ ಮೊದಲಿನ ತೂಕ, ಹಿಂದಿನ ಬಸುರಿನಲ್ಲೂ ಬಂದಿದ್ದದ್ದು, ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇವೆಲ್ಲ ಸಂಭವವನ್ನು ಹೆಚ್ಚಿಸುತ್ತವೆ. ನೋಡಲು ತೆಳ್ಳಗಿರುವ ಭಾರತೀಯರ ಮೈಯಲ್ಲೂ ಅದೇ ತೂಕದ ಯುರೋಪಿಯನ್ನರಿಗಿಂತ ಕೊಬ್ಬಿನ ಪಾಲು ಹೆಚ್ಚಿರುವುದರಿಂದ ಸಣಕಲು ಹುಡುಗಿಯರಿಗೂ ಇದು ಬರುತ್ತದೆ. ಹೋದ ವಾರದ ಮೈಸೂರುಪಾಕು ಈ ಪಟ್ಟಿಯಲ್ಲಿಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ’ ಎನ್ನುವ ಹಿರಿಯರಿಗೆ ಉತ್ತರ ಮೈಸೂರಿನಲ್ಲಿದೆ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಆ ಹಳೆಯ ದಾಖಲೆಗಳನ್ನು ಹಿಡಿದು ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. 1998ರಲ್ಲಿ ಪ್ರಕಟವಾದ ಫಲಿತಾಂಶ ಇಂಗ್ಲೆಂಡಿನದಕ್ಕಿಂತ ಬೇರೆಯಾಗಿತ್ತು. ಅಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮಧುಮೇಹ ಹೆಚ್ಚು. ಇಲ್ಲಿ ಕುಳ್ಳಗೆ, ದುಂಡಗೆ ಹುಟ್ಟಿದವರಿಗೆ, ಹೆಚ್ಚು ತೂಕದ ತಾಯಂದಿರ ಮಕ್ಕಳಿಗೆ ಹೆಚ್ಚು. ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬಹುದು, ಆಗ ಅಳೆದವರಿರಲಿಲ್ಲ ಎಂಬ ಅನುಮಾನ ಹುಟ್ಟಿತು. ಅದನ್ನು ಒರೆಗೆ ಹಚ್ಚಲು ಆ ಪ್ರಕಟಣೆಯ ಆಸುಪಾಸಿನಲ್ಲೇ, 1997–98ರಲ್ಲಿ, ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಪರೀಕ್ಷೆಗೆ ಒಳಗಾದ 785 ಬಸುರಿಯರಲ್ಲಿ ಶೇ. 6.2ರಷ್ಟು ಮಂದಿಗೆ ಜಿಡಿಎಂ ಇತ್ತು. ಗಟ್ಟು ಕೃಷ್ಣವೇಣಿ ಮತ್ತು ಸಂಗಡಿಗರು ಆ ತಾಯಿ–ಮಕ್ಕಳ ಬೆನ್ನು ಬಿಡದೆ ಲೆಕ್ಕ ಇಟ್ಟಿದ್ದರಿಂದಲೇ ಇವತ್ತು ಕನ್ನಡನಾಡಿನ ಹೆಣ್ಣುಮಕ್ಕಳ ಬಗ್ಗೆ ಎರವಲಲ್ಲದ ಮಾಹಿತಿ ನಮಗಿದೆ. ಕಾಯಿಲೆ ಈಗ ಹೆಚ್ಚಿರುವುದು ನಿಜ. ಅಜ್ಜಿಯ ಕಾಲದಲ್ಲಿ ಇರಲೇ ಇಲ್ಲ ಎಂಬುದು ನಿಜವಲ್ಲ.

ಹಾಗಾದರೆ ತಿಳಿಯದೇ ಇದ್ದಿದ್ದರೆ ಮನಸ್ಸಿಗೆ ನೆಮ್ಮದಿ ಇರುತ್ತಿತ್ತಲ್ಲ? ಈ ಪ್ರಶ್ನೆಯನ್ನು ವೈದ್ಯರೂ ಗಂಭೀರವಾಗಿ ಕೇಳಿಕೊಂಡಿದ್ದಾರೆ. ಸಕ್ಕರೆ ಇದೆ ಎಂಬ ಹಣೆಪಟ್ಟಿ ಹಚ್ಚಿ ಬಸುರಿಯನ್ನು ಹೆದರಿಸುವುದು ಸರಿಯೇ ಎಂಬ ವಾದ ಬಹಳ ಕಾಲ ನಡೆಯಿತು. ಅದಕ್ಕೆ ಸಿಕ್ಕಿರುವ ಅತ್ಯಂತ ಸ್ವಾರಸ್ಯದ ಉತ್ತರ ಆಸ್ಟ್ರೇಲಿಯಾದಿಂದ ಬಂತು. 2005ರಲ್ಲಿ ಪ್ರಕಟವಾದ ಅಕೋಯಿಸ್ ಎಂಬ ಪ್ರಯೋಗದಲ್ಲಿ ಸಾವಿರ ಬಸುರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಿಷಯ ತಿಳಿಸಿ ಆಹಾರದ ಸಲಹೆ, ಸಕ್ಕರೆ ಅಳತೆ, ಬೇಕಾದವರಿಗೆ ಇನ್ಸುಲಿನ್ ಕೊಟ್ಟರು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಸಕ್ಕರೆಯ ವಿಷಯ ಅವರಿಗೂ ಗೊತ್ತಿಲ್ಲ, ಅವರನ್ನು ನೋಡುತ್ತಿದ್ದ ವೈದ್ಯರಿಗೂ ಗೊತ್ತಿಲ್ಲ. ಮಗುವಿಗೆ ಗಂಭೀರ ತೊಂದರೆಯಾದದ್ದು ಮೊದಲ ಗುಂಪಿನಲ್ಲಿ ಶೇ. 1, ಎರಡನೆಯದರಲ್ಲಿ ಶೇ. 4. ಇದು ನಿರೀಕ್ಷಿಸಿದ್ದೇ. ಅಚ್ಚರಿ ಇದ್ದದ್ದು ಹೆರಿಗೆಯಾಗಿ ಮೂರು ತಿಂಗಳಾದ ಮೇಲಿನ ಲೆಕ್ಕದಲ್ಲಿ. ಖಿನ್ನತೆಯ ಲಕ್ಷಣ ಕಂಡದ್ದು ವಿಷಯ ತಿಳಿದು ಚಿಕಿತ್ಸೆ ಪಡೆದವರಲ್ಲಿ ಶೇ. 8ರಷ್ಟು ತಾಯಂದಿರಲ್ಲಿ, ಏನೂ ತಿಳಿಯದವರಲ್ಲಿ ಅದರ ಎರಡು ಪಟ್ಟಿಗೂ ತುಸು ಹೆಚ್ಚು, ಶೇ. 17.

ಅಂದರೆ ಸುದ್ದಿ ತಿಳಿದದ್ದರಿಂದ ಮನಸ್ಸು ಮುರಿಯಲಿಲ್ಲ. ಸುದ್ದಿಯ ಜೊತೆಗೆ ಯಾರಾದರೂ ಕೈ ಹಿಡಿದು ನಡೆಸಿದಾಗ ಮನಸ್ಸು ಗಟ್ಟಿಯಾಯಿತು. ಆಸ್ಟ್ರೇಲಿಯಾದಿಂದಲೇ 2003ರಲ್ಲಿ ಬಂದಿದ್ದ ಇನ್ನೊಂದು ಸಣ್ಣ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಜಿಡಿಎಂ ಎಂದು ತಿಳಿದ ಹೊಸತರಲ್ಲಿ ಆ ಹೆಂಗಸರ ಆತಂಕ ಉಳಿದ ಬಸುರಿಯರಿಗಿಂತ ಹೆಚ್ಚಿತ್ತು. 36ನೆಯ ವಾರದ ಹೊತ್ತಿಗೆ ವ್ಯತ್ಯಾಸ ಅಳಿಸಿಹೋಗಿತ್ತು. ಮೊದಲ ಕೆಲವು ವಾರವೇ ಕಡಿದಾದ ಏರು. ಕುಟುಂಬ, ವೈದ್ಯರು, ಗೆಳತಿಯರು ಜೊತೆಗಿರಬೇಕಾದದ್ದು ಆಗ.

ಆ ವಾರಗಳಲ್ಲಿ ಮನಸ್ಸನ್ನು ಹೆಚ್ಚು ಹಿಂಸಿಸುವುದು ಅಂಕಿಗಳು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 95ಕ್ಕಿಂತ ಕೆಳಗಿರಬೇಕು, ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕೆಳಗೆ. ರಾತ್ರಿ ಒಂದು ಚಪಾತಿ ತಿಂದು ಮಲಗಿದವಳಿಗೆ ಬೆಳಿಗ್ಗೆ 102 ಬಂದರೆ ಅಳು ಬರುತ್ತದೆ. ಆದರೆ ಬೆಳಗಿನ ಸಕ್ಕರೆಯಲ್ಲಿ ರಾತ್ರಿಯ ಊಟದ ಪಾಲಿಗಿಂತ ಯಕೃತ್ತಿನ ಪಾಲು ದೊಡ್ಡದು. ಮೈ ಮಲಗಿದ್ದಾಗ ಯಕೃತ್ತು ತನ್ನ ಸಂಗ್ರಹದಿಂದ ಗ್ಲೂಕೋಸು ಬಿಡುತ್ತಲೇ ಇರುತ್ತದೆ, ಅದನ್ನು ತಡೆಯಬೇಕಾದ ಇನ್ಸುಲಿನ್ ಸಾಲದಿದ್ದಾಗ ಅಂಕಿ ಏರುತ್ತದೆ. ಇದು ತಿಳಿಯದೆ ಎಷ್ಟೋ ಜನ ರಾತ್ರಿ ಊಟವನ್ನೇ ಬಿಡುತ್ತಾರೆ. ಹೊಟ್ಟೆ ಕಟ್ಟಿದರೆ ಶರೀರ ಕೊಬ್ಬು ಕರಗಿಸಿ ಕೀಟೋನ್ ಹುಟ್ಟಿಸುತ್ತದೆ. ಬಸುರಿಗೆ ಅದು ಒಳ್ಳೆಯದಲ್ಲ. ಗ್ಲುಕೋಮೀಟರಿನ ಅಂಕಿ ಪರೀಕ್ಷೆಯ ಮಾರ್ಕ್ಸಲ್ಲ, ಮುಂದಿನ ಊಟ ಅಥವಾ ಔಷಧಿಯನ್ನು ತಿದ್ದಲು ಸಿಗುವ ಮಾಹಿತಿ. ವೈದ್ಯರು ಇದನ್ನು ಬಾಯಿಬಿಟ್ಟು ಹೇಳಬೇಕು. ಹತ್ತಾರು ಜನ ಕಾಯುತ್ತಿರುವ ಓಪಿಡಿಯಲ್ಲಿ ಹೇಳಲು ಸಮಯವಿಲ್ಲ ಎಂಬುದು ಸತ್ಯವೇ, ಆದರೂ ಹೇಳಬೇಕು.

ಇನ್ಸುಲಿನ್ ಚುಚ್ಚಬೇಕೆಂದಾಗ ಎರಡನೆಯ ಆಘಾತ. ‘ಪಥ್ಯ ಮಾಡಿದ್ದೆಲ್ಲ ವ್ಯರ್ಥವಾಯಿತು’ ಎಂಬ ಕೊರಗು ಆಗ ಶುರುವಾಗುತ್ತದೆ. ಸರ್ಕಾರದ ಮಾರ್ಗಸೂಚಿಯ ಪ್ರಕಾರ ಎರಡು ವಾರ ಆಹಾರಕ್ರಮ ನೋಡಿ, ಊಟದ ನಂತರದ ಸಕ್ಕರೆ 120ಕ್ಕಿಂತ ಕೆಳಗಿಳಿಯದಿದ್ದರೆ ಔಷಧಿ ಆರಂಭಿಸುತ್ತಾರೆ. ತಿಂಗಳು ತುಂಬುತ್ತ ಹೋದಂತೆ ಮಾಸು ಬೆಳೆಯುತ್ತದೆ, ಅದರ ಹಾರ್ಮೋನುಗಳ ಒತ್ತಡವೂ ಬೆಳೆಯುತ್ತದೆ. ಏಳನೆಯ ತಿಂಗಳಲ್ಲಿ ಸಾಕಾಗಿದ್ದ ಪಥ್ಯ ಎಂಟನೆಯ ತಿಂಗಳಲ್ಲಿ ಸಾಲದೆ ಹೋಗುವುದು ಅದಕ್ಕೇ. ತಾಯಿ ಚುಚ್ಚಿಕೊಂಡ ಇನ್ಸುಲಿನ್ ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಹೋಗುವುದಿಲ್ಲ ಎಂದು ತಿಳಿದಾಗ ಅರ್ಧ ಭಯ ಇಳಿಯುತ್ತದೆ. ದಾಟುವುದು ಗ್ಲೂಕೋಸು. ಅದು ಹೆಚ್ಚಾದಾಗ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ ದಪ್ಪಗಾಗುತ್ತದೆ, ಹುಟ್ಟಿದ ಕೂಡಲೇ ಅದರ ಸಕ್ಕರೆ ಕುಸಿಯಬಹುದು. ಅದಕ್ಕಾಗಿಯೇ ಇಂಥ ಮಗುವಿಗೆ ಮೊದಲ ಗಂಟೆಯೊಳಗೇ ಎದೆಹಾಲು ಕುಡಿಸಿ ಎನ್ನುತ್ತಾರೆ.

ಅಡುಗೆಮನೆಯ ರಾಜಕೀಯ ಇದಕ್ಕಿಂತ ಸೂಕ್ಷ್ಮ. ‘ಅವಳಿಗೆ ಬೇರೆ ಮಾಡಿದೆ’ ಎಂದು ಪುಟ್ಟ ಪಾತ್ರೆಯೊಂದನ್ನು ಪಕ್ಕಕ್ಕಿಟ್ಟರೆ ಆ ಗಳಿಗೆಯಿಂದ ಅವಳು ಬಸುರಿಯಲ್ಲ, ರೋಗಿ. ಬಸವನಗುಡಿಯ ಎಲೆಯ ಮೇಲೆ ಮೊದಲಿನಿಂದಲೂ ಇರುವ ಹೆಸರುಬೇಳೆ ಕೋಸಂಬರಿ, ಕಡಲೆಕಾಳಿನ ಉಸಲಿ, ಸೊಪ್ಪಿನ ಹುಳಿ, ಬೀನ್ಸ್ ಪಲ್ಯ, ಮಜ್ಜಿಗೆ ಇವುಗಳ ಪಾಲು ಹೆಚ್ಚಿಸಿ, ಅನ್ನವನ್ನು ಇಳಿಸಿ, ಮನೆಮಂದಿಯೆಲ್ಲ ಅದನ್ನೇ ಉಂಡರೆ ಬೇರೆ ಪಾತ್ರೆಯೇ ಬೇಡ. ರಾಗಿ ಎಂದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದೆಂಬ ನಂಬಿಕೆ ತಪ್ಪು. ತೆಳ್ಳಗೆ ಕಾಸಿದ ರಾಗಿ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಸಾಲೆ ದೋಸೆಯ ಆಸೆ ತಡೆಯದಿದ್ದರೆ ಗಂಡ ಹೆಂಡತಿ ವಿದ್ಯಾರ್ಥಿ ಭವನದಲ್ಲಿ ಒಂದನ್ನು ಹಂಚಿಕೊಂಡು ಕೃಷ್ಣರಾವ್ ಪಾರ್ಕಿನಲ್ಲಿ ಒಂದೆರಡು ಸುತ್ತು ಹಾಕಬಹುದು. ಊಟವಾದ ಮೇಲಿನ ನಡಿಗೆ ಏರುವ ಸಕ್ಕರೆಯನ್ನು ತಗ್ಗಿಸುತ್ತದೆ, ಮಾತಾಡಲು ಏಕಾಂತವನ್ನೂ ಕೊಡುತ್ತದೆ. ಕೂಡು ಕುಟುಂಬಗಳಲ್ಲಿ ಎರಡನೆಯದೇ ಹೆಚ್ಚು ದುರ್ಲಭ.

ಇಷ್ಟಾದರೂ ಕೆಲವರಿಗೆ ಮೋಡ ಸರಿಯುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹತ್ತುವುದಿಲ್ಲ, ಮಗುವಿಗೆ ತಾನೇ ಕೆಡುಕು ಮಾಡುತ್ತಿದ್ದೇನೆಂಬ ಯೋಚನೆ ಬಿಡುವುದಿಲ್ಲ ಎಂದಾದರೆ ಅದನ್ನು ‘ಬಸುರಿನಲ್ಲಿ ಹಾಗೇ’ ಎಂದು ತಳ್ಳಿಹಾಕಬಾರದು. ಇದು ಅಪರೂಪವೂ ಅಲ್ಲ. ಜಯನಗರದ ಸಾರ್ವಜನಿಕ ಆಸ್ಪತ್ರೆಗೆ ಬರುತ್ತಿದ್ದ 280 ಬಸುರಿಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಅವರೆಲ್ಲರಿಗೂ ಸಕ್ಕರೆ ಇದ್ದುದಲ್ಲ, ಸಾಮಾನ್ಯ ಬಸುರಿಯರೇ. ಖಿನ್ನತೆಯನ್ನು ಅಳೆಯಲು ಬಳಸುವ ಎಡಿನ್‌ಬರೋ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ. ಅದರ ಕನ್ನಡ ರೂಪವನ್ನು ಕರ್ನಾಟಕದ ಹಳ್ಳಿಯ ಬಸುರಿಯರಲ್ಲಿ ಪರೀಕ್ಷಿಸಿ 2011ರಲ್ಲೇ ಪ್ರಕಟಿಸಿದ್ದಾರೆ. ಗ್ಲೂಕೋಸು ಕುಡಿದು ಎರಡು ಗಂಟೆ ಬೆಂಚಿನ ಮೇಲೆ ಕಾಯುವಾಗ ಈ ಹತ್ತು ಪ್ರಶ್ನೆಗಳನ್ನು ಕೇಳಿಬಿಟ್ಟರೆ ಯಾರಿಗೂ ಹೆಚ್ಚಿನ ಖರ್ಚಿಲ್ಲ. ಹಾಗೆ ಕೇಳುವ ಪರಿಪಾಠ ಏಕೆ ಬಂದಿಲ್ಲವೆಂಬುದಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ.

ಲಾಲ್‌ಬಾಗಿನ ಆಚೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಬಸುರಿಯರ, ಬಾಣಂತಿಯರ ಮನಸ್ಸಿಗೆಂದೇ ವಿಭಾಗವಿದೆ. ಮನೋವೈದ್ಯೆ ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ 2009ರಲ್ಲಿ ಅಲ್ಲಿ ತೆರೆದ ತಾಯಿ–ಮಗು ಘಟಕದಲ್ಲಿ ಮಗುವನ್ನು ಬೇರ್ಪಡಿಸದೆ ತಾಯಿಗೆ ಚಿಕಿತ್ಸೆ ಕೊಡುತ್ತಾರೆ. ಅಷ್ಟು ದೂರ ಹೋಗಲು ಹಿಂಜರಿಯುವವರು ಮನೆಯಿಂದಲೇ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ ಮಾನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಹೆಚ್ಚಿನವರ ಸಕ್ಕರೆ ಬೇಗನೆ ಹತೋಟಿಗೆ ಬರುತ್ತದೆ. ‘ಮುಗಿಯಿತು’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ತವರಿನಲ್ಲಿ ಅಂಟಿನುಂಡೆ ಕಟ್ಟುವ ಸಂಭ್ರಮ. ಆದರೆ ಮೈಸೂರಿನ ಪಾರ್ಥೆನಾನ್ ಅಧ್ಯಯನದಲ್ಲಿ ಜಿಡಿಎಂ ಇದ್ದ ತಾಯಂದಿರಲ್ಲಿ ಶೇ. 37ರಷ್ಟು ಮಂದಿಗೆ ಐದು ವರ್ಷದೊಳಗೆ ಮಧುಮೇಹ ಬಂದಿತ್ತು, ಇಲ್ಲದವರಲ್ಲಿ ಅದು ಬರೀ ಶೇ. 2. ಈ ಅಂಕಿಯನ್ನು ಬಾಣಂತಿಯ ಮುಂದೆ ಹೇಗೆ ಇಡಬೇಕೆಂಬುದು ನಾಜೂಕಿನ ವಿಷಯ. ಮುಚ್ಚಿಟ್ಟರೆ ಅವಳು ಆರನೆಯ ವಾರದ ಮರುಪರೀಕ್ಷೆಗೆ ಬರುವುದಿಲ್ಲ, ಹೆದರಿಸಿದರೂ ಬರುವುದಿಲ್ಲ. ಬಾಣಂತನದ ನಡುವೆ ಅವಳು ಹೊರಗೆ ಹೊರಡುವುದೇ ಮಗುವಿನ ನೆಪದಲ್ಲಿ. ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಬೀಳುವುದು ಸರಿಯಾಗಿ ಆರನೆಯ ವಾರಕ್ಕೆ. ಅದೇ ದಿನ, ಅದೇ ಆಸ್ಪತ್ರೆಯಲ್ಲಿ ತಾಯಿಗೂ 75 ಗ್ರಾಂ ಗ್ಲೂಕೋಸು ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಬಹುದು, ಅಷ್ಟರಲ್ಲಿ ಮಗು ಒಂದು ನಿದ್ದೆ ಮುಗಿಸಿರುತ್ತದೆ. ಫಲಿತಾಂಶವನ್ನು ತಾಯಿ ಕಾರ್ಡಿನಲ್ಲಿ ಬರೆಸಿಟ್ಟುಕೊಂಡರೆ ಮುಂದಿನ ಬಸುರಿನ ಮೊದಲ ಭೇಟಿಯಲ್ಲೇ ವೈದ್ಯರು ಅದನ್ನು ನೋಡುತ್ತಾರೆ, ಆರನೆಯ ತಿಂಗಳವರೆಗೆ ಕಾಯುವುದಿಲ್ಲ.