ಜಾಣ ಮಗ ಹೈಸ್ಕೂಲಿನಲ್ಲಿ ಹಿಂದೆ ಬಿದ್ದಿದ್ದೇಕೆ?

ಪ್ರಶ್ನೆ: ಏಳನೇ ತರಗತಿವರೆಗೆ ಮುಂದಿದ್ದ ಮಗ ಒಂಬತ್ತಕ್ಕೆ ಬಂದಮೇಲೆ ಪುಸ್ತಕವನ್ನೇ ಮುಟ್ಟುತ್ತಿಲ್ಲ. ಇದು ಸೋಮಾರಿತನವೇ?

ಉತ್ತರ: ಹಾಗೆ ತೀರ್ಮಾನಿಸಬೇಡಿ. ಸೋಮಾರಿತನದಂತೆ ಕಾಣುವುದು ಎಷ್ಟೋ ಸಲ ಭಯವೇ ಆಗಿರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಮುಖ್ಯ. ಐದನೇ ತರಗತಿಯ ಮಕ್ಕಳಿಗೆ ಸುಲಭದ ಚಿತ್ರ-ಒಗಟುಗಳನ್ನು ಕೊಟ್ಟು, ಕೆಲವರನ್ನು 'ನೀನು ಜಾಣ' ಎಂದೂ ಕೆಲವರನ್ನು 'ಚೆನ್ನಾಗಿ ಶ್ರಮಪಟ್ಟೆ' ಎಂದೂ ಹೊಗಳಿದರು. ಆಮೇಲೆ ಕಠಿಣ ಒಗಟು ಕೊಟ್ಟು ಸೋಲುವಂತೆ ಮಾಡಿದರು. ಮತ್ತೆ ಮೊದಲಿನಷ್ಟೇ ಸುಲಭದ್ದನ್ನು ಕೊಟ್ಟಾಗ 'ಜಾಣ'ರ ಅಂಕ ಇಳಿದಿತ್ತು, ಶ್ರಮಕ್ಕೆ ಹೊಗಳಿಸಿಕೊಂಡವರದು ಏರಿತ್ತು. ಅಷ್ಟೇ ಅಲ್ಲ, 'ಜಾಣ'ರಲ್ಲಿ ಸುಮಾರು ಶೇ 38ರಷ್ಟು ಮಕ್ಕಳು ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದರು. ಸೋಲು ಅವರಿಗೆ ಅಷ್ಟು ನಾಚಿಕೆ ತಂದಿತ್ತು!

ನಿಮ್ಮ ಮಗನೂ ಬಹುಶಃ 'ಜಾಣ' ಎಂದೇ ಹೊಗಳಿಸಿಕೊಂಡು ಬೆಳೆದಿರಬಹುದು. ಆದರೆ ಹೈಸ್ಕೂಲಿನ ಬೀಜಗಣಿತ, ಭೌತವಿಜ್ಞಾನಗಳು ಒಮ್ಮೆ ಕೇಳಿದರೆ ತಲೆಗೆ ಹತ್ತುವಂಥವಲ್ಲ. ಓದಿಯೂ ಸೋತರೆ 'ಜಾಣ' ಎಂಬ ಹೆಸರೇ ಹೋಗುತ್ತದೆ, ಓದದೆ ಸೋತರೆ ಅದು ಉಳಿಯುತ್ತದೆ. ಸೋಲಿಗೆ ನೆಪವನ್ನು ಮೊದಲೇ ಸಿದ್ಧಮಾಡಿಕೊಳ್ಳುವ ಈ ಸ್ವಭಾವವನ್ನು ಬರ್ಗ್ಲಾಸ್ ಮತ್ತು ಜೋನ್ಸ್ ಎಂಬ ಮನೋವಿಜ್ಞಾನಿಗಳು 1978ರಲ್ಲೇ ವಿವರಿಸಿದ್ದರು.

ಹಾಗಾಗಿ ಪಕ್ಕದ ಮನೆಯ ಮಕ್ಕಳ ಅಂಕದ ಮಾತು ದಯವಿಟ್ಟು ಬೇಡ. ಯಾವ ಪಾಠದಿಂದ ಅರ್ಥವಾಗುವುದು ನಿಂತಿತೆಂದು ಗದರದೆ ಕೇಳಿ, ಅಲ್ಲಿಂದ ಜೊತೆಗೆ ಕೂತು ಶುರುಮಾಡಿ. ಕಣ್ಣಿನ ಪರೀಕ್ಷೆ ಮಾಡಿಸಿ, ನಿದ್ದೆ ಗಮನಿಸಿ. ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಆಟವೂ ಬೇಡವೆಂದರೆ, ವೈದ್ಯರಿಗೆ ತೋರಿಸಿ. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.