ಮೋಟಾರಿಗಿಂತ ಮೊದಲು ಚೌಕಟ್ಟು: ಮನೆಯಲ್ಲೇ ಕಟ್ಟುವ ಸಿಎನ್‌ಸಿ ರೌಟರ್ ಬಗೆಗಿನ ತಪ್ಪು ಕಲ್ಪನೆಗಳು

ಜೇವರ್ಗಿಯಂಥ ತಾಲ್ಲೂಕು ಕೇಂದ್ರದಲ್ಲಿ ಒಬ್ಬ ಬಡಗಿಯೋ ಡಿಪ್ಲೊಮಾ ಮುಗಿಸಿದ ಹುಡುಗನೋ ತಾನೇ ಸಿಎನ್‌ಸಿ ರೌಟರ್ ಕಟ್ಟಲು ಹೊರಟರೆ ಅದರಲ್ಲಿ ಅತಿಯಾಸೆ ಏನೂ ಇಲ್ಲ. ಸಾಗವಾನಿ ಬಾಗಿಲಿನ ಕೆತ್ತನೆ, ದೇವರ ಮಂಟಪ, ಪ್ಲೈವುಡ್ ಜಾಲರಿ, ಮನೆಯ ಹೆಸರಿನ ಫಲಕ ಹೀಗೆ ಯಂತ್ರಕ್ಕೆ ಹೊಂದುವ ಕೆಲಸ ಊರಿನಲ್ಲೇ ಇದೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್ರುಡ್ 2009ರಲ್ಲಿ ಶುರುಮಾಡಿದ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಪುಟ್ಟ ಆರ್ಡುಯಿನೊ ಬೋರ್ಡಿನ ಮೇಲೆಯೇ ಮೂರು ಅಕ್ಷಗಳನ್ನು ಓಡಿಸುತ್ತದೆ. ಮೋಟಾರು, ಡ್ರೈವರು, ಸ್ಪಿಂಡಲ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ, ಆನ್‌ಲೈನಿನಲ್ಲಿ ತರಿಸಿದರೆ ಮನೆ ಬಾಗಿಲಿಗೇ ಬರುತ್ತವೆ. ತೊಡಕು ಇರುವುದು ಆಯ್ಕೆಯಲ್ಲಿ. ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿಗಳನ್ನು ನಂಬಿ ಮೋಟಾರಿಗೂ ಸ್ಪಿಂಡಲ್‌ಗೂ ಕೈಯಲ್ಲಿದ್ದ ದುಡ್ಡೆಲ್ಲ ಸುರಿದು, ಉಳಿದ ಚಿಲ್ಲರೆಯಲ್ಲಿ ಚೌಕಟ್ಟು ಮಾಡಿಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ರೌಟರಿನ ಯೋಗ್ಯತೆಯನ್ನು ನಿರ್ಧರಿಸುವುದು ಅದು ಎಷ್ಟು ಕಡಿಮೆ ಬಾಗುತ್ತದೆ ಎಂಬ ಒಂದೇ ಸಂಗತಿ, ಮಿಕ್ಕ ಬಿಡಿಭಾಗಗಳೆಲ್ಲ ಅದಕ್ಕೆ ಹೊಂದಿಕೊಂಡು ಬರಬೇಕಾದವು.

ಅತಿ ವ್ಯಾಪಕವಾದ ನಂಬಿಕೆ ದೊಡ್ಡ ಮೋಟಾರಿನದು. ನೆಮಾ 17, 23, 34 ಎಂಬ ಸಂಖ್ಯೆಗಳನ್ನು ಶಕ್ತಿಯ ದರ್ಜೆಗಳೆಂದು ತಿಳಿದವರು ಬಹಳ. ಆ ಸಂಖ್ಯೆ ಹೇಳುವುದು ಮೋಟಾರಿನ ಮುಖದ ಅಳತೆಯನ್ನು ಮಾತ್ರ. 23 ಎಂದರೆ ಸುಮಾರು 2.3 ಇಂಚಿನ ಚೌಕ. ಒಂದೇ ಸಂಖ್ಯೆಯ ಎರಡು ಮೋಟಾರುಗಳ ಟಾರ್ಕ್ ಒಂದಕ್ಕೊಂದು ದುಪ್ಪಟ್ಟು ಇರಬಹುದು. ಪೆಟ್ಟಿಗೆಯ ಮೇಲಿನ ಟಾರ್ಕ್ ಕೂಡ ಮೋಟಾರು ನಿಂತಾಗಿನದು. ವೇಗ ಏರಿದಂತೆ ಅದು ಇಳಿಯುತ್ತ ಹೋಗುತ್ತದೆ. ಎಷ್ಟು ಬೇಗ ಇಳಿಯುತ್ತದೆ ಎಂಬುದು ಸುರುಳಿಯ ಇಂಡಕ್ಟನ್ಸ್ ಮತ್ತು ಡ್ರೈವರಿಗೆ ಕೊಟ್ಟ ವೋಲ್ಟೇಜ್ ಮೇಲಿದೆ. ಹಾಗಾಗಿ 24 ವೋಲ್ಟಿನ ಮೇಲೆ ಓಡುವ ನೆಮಾ 34 ಮೋಟಾರು ವೇಗದ ಚಲನೆಯಲ್ಲಿ 48 ವೋಲ್ಟಿನ ಮೇಲೆ ಓಡುವ ಒಳ್ಳೆಯ ನೆಮಾ 23ಕ್ಕಿಂತ ಹಿಂದೆ ಬೀಳಬಹುದು. ಅಸಲಿಗೆ ಎಷ್ಟು ಬಲ ಬೇಕು ಎಂದು ಲೆಕ್ಕ ಹಾಕೋಣ. ಒಂದು ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂಗೆ ಕೇವಲ 1 ನ್ಯೂಟನ್ ಮೀಟರ್ ಟಾರ್ಕ್ ಸಿಕ್ಕರೂ, ಘರ್ಷಣೆಯ ನಷ್ಟ ಕಳೆದು, ಸುಮಾರು 1,100 ನ್ಯೂಟನ್ ನೂಕುಬಲ ಹುಟ್ಟುತ್ತದೆ. ಅಂದರೆ 110 ಕೆಜಿ ತೂಕದಷ್ಟು. ಸಣ್ಣ ಯಂತ್ರದಲ್ಲಿ ಮರ ಕೆತ್ತಲು ಇದರ ಸಣ್ಣ ಪಾಲು ಸಾಕು. ಅಷ್ಟು ಬಲವನ್ನು ಪೂರ್ತಿ ಬಳಸಿದರೆ ಮರಕ್ಕಿಂತ ಮೊದಲು ಯಂತ್ರವೇ ಬಾಗುತ್ತದೆ.

ಎಷ್ಟು ಬಾಗುತ್ತದೆ? ಅಗ್ಗದ ಕಿಟ್‌ಗಳಲ್ಲಿ ಸ್ಪಿಂಡಲ್ ಹೊರುವ ಅಡ್ಡತೊಲೆಗೆ, ಅಂದರೆ ಗ್ಯಾಂಟ್ರಿಗೆ, ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಉಕ್ಕಿನ ಸರಳು ಇರುತ್ತದೆ. 20 ಮಿ.ಮೀ. ದಪ್ಪದ ಎರಡು ಸರಳು, ಆಧಾರಗಳ ನಡುವೆ 1.2 ಮೀಟರ್ ಅಂತರ, ಮಧ್ಯದಲ್ಲಿ 5 ಕೆಜಿಯ ಸ್ಪಿಂಡಲ್ ಎಂದುಕೊಳ್ಳಿ. ತೊಲೆಯ ಬಾಗುವಿಕೆಯ ಸೂತ್ರಕ್ಕೆ ಇದನ್ನು ಹಾಕಿದರೆ, ಕೆತ್ತನೆ ಶುರುವಾಗುವ ಮೊದಲೇ, ಬರೀ ಸ್ಪಿಂಡಲ್ ತೂಕಕ್ಕೆ ನಡುಭಾಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಜೋಲುತ್ತದೆ. ತುದಿಗಳನ್ನು ಗಟ್ಟಿಯಾಗಿ ಬಿಗಿದರೆ ಇದು ತಗ್ಗುತ್ತದೆ, ಹೋಗುವುದಿಲ್ಲ. ಉದ್ದ ದುಪ್ಪಟ್ಟಾದರೆ ಬಾಗುವಿಕೆ ಎಂಟು ಪಟ್ಟಾಗುತ್ತದೆ ಎಂಬುದನ್ನು ಮರೆತು, ಎರಡಡಿಯ ಯಂತ್ರದ ನಕ್ಷೆಯನ್ನೇ ನಾಲ್ಕಡಿಗೆ ಹಿಗ್ಗಿಸಿದವರು ಕೆಡುವುದು ಇಲ್ಲೇ.

ಮರದ ಕೆಲಸಕ್ಕೆ ಅರ್ಧ ಮಿಲಿಮೀಟರ್ ಯಾವ ಲೆಕ್ಕ ಎಂಬ ಆಕ್ಷೇಪಣೆ ಬರುತ್ತದೆ. ಜಾಲರಿ ಕತ್ತರಿಸುವಾಗ ಆ ಮಾತಿನಲ್ಲಿ ಹುರುಳಿದೆ. ಅಕ್ಷರ ಕೆತ್ತುವಾಗ ಇಲ್ಲ. 90 ಡಿಗ್ರಿಯ ವಿ-ಬಿಟ್ ಅರ್ಧ ಮಿಲಿಮೀಟರ್ ಹೆಚ್ಚು ಆಳಕ್ಕಿಳಿದರೆ ಗೆರೆ ಪೂರ್ತಿ ಒಂದು ಮಿಲಿಮೀಟರ್ ಅಗಲವಾಗುತ್ತದೆ. ಫಲಕದ ನಡುವಿನ ಅಕ್ಷರಗಳು ದಪ್ಪಗೆ, ಅಂಚಿನವು ತೆಳ್ಳಗೆ ಕಾಣುತ್ತವೆ. ಕನ್ನಡ ಲಿಪಿಯ ದುಂಡನೆಯ ತಿರುವುಗಳಲ್ಲಿ, ಒತ್ತಕ್ಷರಗಳ ಇಕ್ಕಟ್ಟಿನಲ್ಲಿ ಈ ತಪ್ಪು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಗಟ್ಟಿ ಚೌಕಟ್ಟೆಂದರೆ ಬಲು ದುಬಾರಿ ಎಂಬುದು ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪು ಕಲ್ಪನೆ. ಬಿಗಿತ ಹುಟ್ಟುವುದು ಲೋಹದ ತೂಕಕ್ಕಿಂತ ಹೆಚ್ಚಾಗಿ ಅದರ ಆಕಾರದಿಂದ. 50×100 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಉಕ್ಕಿನ ಆಯತಾಕಾರದ ಪೈಪು ಮೀಟರಿಗೆ ಏಳು ಕೆಜಿಯ ಹತ್ತಿರ ತೂಗುತ್ತದೆ, 20 ಮಿ.ಮೀ. ಸರಳು ಎರಡೂವರೆ ಕೆಜಿ. ತೂಕದಲ್ಲಿ ಮೂರು ಪಟ್ಟಿನ ಒಳಗಿನ ಅಂತರ. ಆದರೆ ನೆಟ್ಟಗೆ ನಿಲ್ಲಿಸಿದ ಆ ಪೈಪು ಸರಳಿಗಿಂತ 140 ಪಟ್ಟಿಗೂ ಹೆಚ್ಚು ಬಿಗಿ. ಮುಚ್ಚಿದ ಆಕಾರವಾದ್ದರಿಂದ ತಿರುಚುವಿಕೆಗೂ ಚೆನ್ನಾಗಿ ತಡೆ ಕೊಡುತ್ತದೆ; ಬಿಟ್ಟಿನ ತುದಿ ಗ್ಯಾಂಟ್ರಿಯ ಕೆಳಗೆ ನೇತಾಡುವ ಕಾರಣ ತಿರುಚುವಿಕೆ ಬಾಗುವಿಕೆಯಷ್ಟೇ ಕೆಡುಕು. ಇಂಥ ಪೈಪು ಗೇಟು, ಕಿಟಕಿ ಮಾಡುವ ಯಾವ ವೆಲ್ಡಿಂಗ್ ಅಂಗಡಿಗೂ ಹೊಸದಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಲೇತ್‌ಗಳಿಗೆ ಭಾರಿ ಎರಕದ ಕಬ್ಬಿಣದ ಬೆಡ್ ಇದ್ದದ್ದೂ ಇದೇ ಬಿಗಿತಕ್ಕಾಗಿ, ಜೊತೆಗೆ ಕಂಪನವನ್ನು ನುಂಗಿಕೊಳ್ಳುವುದಕ್ಕಾಗಿ.

ವೆಲ್ಡ್ ಮಾಡಿದರೆ ಪೈಪು ಸೊಟ್ಟಗಾಗುತ್ತದಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಆಗುತ್ತದೆ. ಚೌಕ ಲೀನಿಯರ್ ಗೈಡ್ ತನ್ನಡಿಯ ಮೇಲ್ಮೈಯನ್ನೇ ಅನುಸರಿಸುವುದರಿಂದ ಸೊಟ್ಟ ಪೈಪಿನ ಮೇಲೆ ಬಿಗಿದ ದುಬಾರಿ ಗೈಡ್ ಕೂಡ ಸೊಟ್ಟಗೇ ಓಡುತ್ತದೆ. ಗೈಡ್ ಕೂರುವ ಪಟ್ಟಿಯನ್ನು ಎಪಾಕ್ಸಿ ಸುರಿದು ಸಮ ಮಾಡಬೇಕು, ಇಲ್ಲವೆ ತೆಳು ತಗಡು ಕೊಟ್ಟು ಡಯಲ್ ಗೇಜ್ ಹಿಡಿದು ಹೊಂದಿಸಬೇಕು. ಶ್ರಮದ ಕೆಲಸ ನಿಜ, ಆದರೆ ಇಲ್ಲಿ ಹಾಕಿದ ಒಂದು ದಿನ ಹತ್ತು ಸಾವಿರದ ಮೋಟಾರು ತರಲಾರದ ಫಲ ಕೊಡುತ್ತದೆ. ಅಲ್ಯುಮಿನಿಯಂ ಪ್ರೊಫೈಲ್ ಸುಲಭ ಎನ್ನುವವರು ಕಲಬುರಗಿ ಸೀಮೆಯ ಬಿಸಿಲನ್ನೂ ಗಮನಿಸಬೇಕು. ಜನವರಿಯ ಮುಂಜಾನೆಗೂ ಮೇ ತಿಂಗಳ ಮಧ್ಯಾಹ್ನಕ್ಕೂ 25 ಡಿಗ್ರಿಯ ಅಂತರ ಇಲ್ಲಿ ಸಾಮಾನ್ಯ. ಅಷ್ಟರಲ್ಲಿ ಒಂದು ಮೀಟರ್ ಅಲ್ಯುಮಿನಿಯಂ ಸುಮಾರು 0.57 ಮಿ.ಮೀ. ಹಿಗ್ಗಿದರೆ ಉಕ್ಕು 0.29 ಮಿ.ಮೀ. ಹಿಗ್ಗುತ್ತದೆ. ಅಲ್ಯುಮಿನಿಯಂ ಮೇಲೆ ಬಿಗಿದ ಉಕ್ಕಿನ ಗೈಡ್ ಆ ವ್ಯತ್ಯಾಸಕ್ಕೆ ಬಿಲ್ಲಿನಂತೆ ಬಾಗಲು ನೋಡುತ್ತದೆ. ಉಕ್ಕಿನ ಮೇಲೆ ಉಕ್ಕು ಕೂತರೆ ಈ ತಂಟೆಯೇ ಇಲ್ಲ.

ಇನ್ನು ಮೈಕ್ರೋಸ್ಟೆಪ್, ಅಂದರೆ ಮೋಟಾರಿನ ಒಂದು ಹೆಜ್ಜೆಯನ್ನು ಸಣ್ಣ ಪಾಲುಗಳಾಗಿ ಒಡೆಯುವುದು. ಡ್ರೈವರಿನ ಸ್ವಿಚ್ಚನ್ನು 8ರಿಂದ 32ಕ್ಕೆ ಏರಿಸಿದರೆ ನಿಖರತೆ ನಾಲ್ಕು ಪಟ್ಟಾಗುತ್ತದೆಂದು ಅನೇಕರು ನಂಬುತ್ತಾರೆ. ಸುತ್ತಿಗೆ 200 ಹೆಜ್ಜೆಯ ಮೋಟಾರು, 8ರ ಮೈಕ್ರೋಸ್ಟೆಪ್, 5 ಮಿ.ಮೀ. ಸ್ಕ್ರೂ ಇದ್ದರೆ ಮಿಲಿಮೀಟರಿಗೆ 320 ಹೆಜ್ಜೆ, ಅಂದರೆ ಒಂದೊಂದು ಹೆಜ್ಜೆ 0.003 ಮಿ.ಮೀ. ಅದೇ ಯಂತ್ರದ ಸಿ7 ದರ್ಜೆಯ ಬಾಲ್ ಸ್ಕ್ರೂ 300 ಮಿ.ಮೀ. ಉದ್ದದಲ್ಲಿ ತಾನೇ ಸುಮಾರು 0.05 ಮಿ.ಮೀ. ಆಚೀಚೆ ಆಗಬಹುದು. ಸ್ಕ್ರೂ ಕೊಡಲಾಗದ ನಿಖರತೆಯನ್ನು ಸ್ವಿಚ್ ಎಲ್ಲಿಂದ ತಂದೀತು? 32ಕ್ಕೆ ಇಟ್ಟಾಗ ಒಂದು ಮೈಕ್ರೋಸ್ಟೆಪ್ಪಿನ ಹಿಂದಿರುವ ಬಲ ಪೂರ್ಣ ಟಾರ್ಕಿನ ನೂರಕ್ಕೆ ಐದು ಪಾಲು ಮಾತ್ರ; ಸ್ವಲ್ಪ ಘರ್ಷಣೆ ಇದ್ದರೂ ಶಾಫ್ಟ್ ಕದಲುವುದಿಲ್ಲ. ಮೇಲಾಗಿ ಆರ್ಡುಯಿನೊ ಊನೊ ಮೇಲೆ ಜಿಆರ್‌ಬಿಎಲ್ ಸೆಕೆಂಡಿಗೆ ಕಳಿಸಬಲ್ಲದ್ದು ಸುಮಾರು 30,000 ಹೆಜ್ಜೆ. 8ರಲ್ಲಿ ನಿಮಿಷಕ್ಕೆ ಐದೂವರೆ ಮೀಟರ್ ಓಡಬಲ್ಲ ಯಂತ್ರ 32ರಲ್ಲಿ ಒಂದೂವರೆ ಮೀಟರನ್ನೂ ಮುಟ್ಟುವುದಿಲ್ಲ. ಚಲನೆ ನುಣುಪಾಗಲು 8 ಅಥವಾ 16 ಸಾಕು. ಕ್ಲೋಸ್ಡ್ ಲೂಪ್ ಮೋಟಾರಿಗೂ ಇಂಥದೇ ಮಿತಿ ಇದೆ. ಅದು ತಪ್ಪಿದ ಹೆಜ್ಜೆಯನ್ನು ಸರಿಪಡಿಸುತ್ತದೆ, ಆದರೆ ಅದರ ಎನ್‌ಕೋಡರ್ ಇರುವುದು ಮೋಟಾರಿನ ಹಿಂಬದಿಯಲ್ಲಿ. ಗ್ಯಾಂಟ್ರಿ ಬಾಗಿ ಬಿಟ್ ಪಕ್ಕಕ್ಕೆ ಸರಿದದ್ದು ಅದಕ್ಕೆ ತಿಳಿಯುವುದೇ ಇಲ್ಲ.

ನಿಧಾನವಾಗಿ ಓಡಿಸಿದರೆ ದುರ್ಬಲ ಯಂತ್ರವೂ ಚೆನ್ನಾಗಿ ಕೆತ್ತುತ್ತದೆ ಎಂಬ ಮಾತು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಎರಡು ಅಲಗಿನ ಬಿಟ್ 18,000 ಆರ್‌ಪಿಎಂನಲ್ಲಿ ತಿರುಗುವಾಗ ಪ್ರತಿ ಅಲಗು 0.1 ಮಿ.ಮೀ. ಸಿಪ್ಪೆ ತೆಗೆಯಬೇಕಾದರೆ ಯಂತ್ರ ನಿಮಿಷಕ್ಕೆ 3,600 ಮಿ.ಮೀ. ಸಾಗಬೇಕು. ಹೆದರಿ 800ಕ್ಕೆ ಇಳಿಸಿದರೆ ಅಲಗು ಮರವನ್ನು ಕೊಯ್ಯುವುದರ ಬದಲು ಉಜ್ಜತೊಡಗುತ್ತದೆ. ಸಾಗವಾನಿ ಕಪ್ಪಾಗುತ್ತದೆ, ಜಾಲಿಯಂಥ ಗಟ್ಟಿ ಮರವಾದರೆ ಬಿಟ್ಟಿನ ಮೊನೆ ಬೇಗನೆ ಹೋಗುತ್ತದೆ. ಇಳಿಸಬೇಕಾದದ್ದು ಒಂದೊಂದು ಸುತ್ತಿನ ಆಳವನ್ನು, ಜೊತೆಗೆ ಆರ್‌ಪಿಎಂ ಅನ್ನು.

ಸ್ಪಿಂಡಲ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಂತೂ ಅನೇಕರನ್ನು ಸುಮ್ಮನೆ ಹಿಂದೇಟು ಹಾಕಿಸುತ್ತದೆ: ಮೂರು ಫೇಸಿನ ಸ್ಪಿಂಡಲ್‌ಗೆ ಜೆಸ್ಕಾಂನಿಂದ ಮೂರು ಫೇಸಿನ ಸಂಪರ್ಕವೇ ಬೇಕೆಂಬುದು. ಮನೆಯ 230 ವೋಲ್ಟಿನ ಒಂಟಿ ಫೇಸನ್ನು ಪಡೆದು ಮೂರು ಫೇಸಾಗಿ ಮಾಡಿಕೊಡುವುದೇ ವಿಎಫ್‌ಡಿ ಕೆಲಸ. ಒಂಟಿ ಫೇಸಿಗೆಂದೇ ಮಾಡಿದ ವಿಎಫ್‌ಡಿ ಕೊಂಡು, ಆ ಹೊರೆಗೆ ತಕ್ಕ ತಂತಿ ಮತ್ತು ಎಂಸಿಬಿ ಹಾಕಿಸಿದರೆ ಆಯಿತು. ಅರ್ತಿಂಗ್ ಮಾತ್ರ ನಿಜವಾದದ್ದೇ ಇರಬೇಕು. ಅದಿಲ್ಲದೆ ಜೀವಕ್ಕೆ ಅಪಾಯ. ವಿಎಫ್‌ಡಿಯ ವಿದ್ಯುತ್ ಗದ್ದಲ ಲಿಮಿಟ್ ಸ್ವಿಚ್ಚಿನ ತಂತಿಗೆ ನುಗ್ಗಿ ಯಂತ್ರ ನಡುವೆಯೇ ನಿಲ್ಲುವುದು ಬೇರೆ. 2.2 ಕಿಲೋವ್ಯಾಟ್ ಎಂಬುದೂ 24,000 ಆರ್‌ಪಿಎಂನಲ್ಲಿ ಸಿಗುವ ಶಕ್ತಿ. 6,000ದಲ್ಲಿ ಅದರ ಕಾಲು ಭಾಗವಷ್ಟೇ ಸಿಗುತ್ತದೆ. ಮರಕ್ಕಾಗಿ ಕಟ್ಟಿದ ಯಂತ್ರದಲ್ಲಿ ಬಿಟ್ ಬದಲಿಸಿ ಶಹಾಬಾದ್ ಫರಸಿಯನ್ನೂ ಕೆತ್ತಬಹುದೆಂಬ ಆಸೆ ಇಲ್ಲೇ ಮುಗ್ಗರಿಸುತ್ತದೆ. ಫರಸಿ ಸುಣ್ಣಕಲ್ಲು, ವಜ್ರದ ಬಿಟ್‌ಗೆ ಮಣಿಯುತ್ತದೆ. ಆದರೆ ಅದಕ್ಕೆ ನೀರು ಬೇಕು, ನೀರು ತಡೆಯುವ ಬೆಡ್ ಬೇಕು. ಕಲ್ಲಿನ ಪುಡಿ ಬಾಲ್ ಸ್ಕ್ರೂ ಒಳಗೆ ಸೇರದಂಥ ಮುಚ್ಚಿಗೆ ಬೇಕು, ಕೆಲಸ ಮಾಡುವವರ ಶ್ವಾಸಕೋಶಕ್ಕೆ ರಕ್ಷಣೆ ಬೇಕು. ಅದು ಬೇರೆಯದೇ ಯಂತ್ರ.

ಈ ವಾದವನ್ನು ಯಾರಾದರೂ ತಮ್ಮ ಯಂತ್ರದ ಮೇಲೆಯೇ ಒರೆಗೆ ಹಚ್ಚಬಹುದು. ಮೋಟಾರುಗಳಿಗೆ ಕರೆಂಟು ಕೊಟ್ಟು ನಿಲ್ಲಿಸಿ, ಬೆಡ್ ಮೇಲೆ ಡಯಲ್ ಗೇಜ್ ಕೂರಿಸಿ, ಅದರ ಮೊನೆಯನ್ನು ಬಿಟ್ಟಿನ ತುದಿಗೆ ತಾಗಿಸಿ, ತೂಗು ತಕ್ಕಡಿಯ ಕೊಕ್ಕೆಯಿಂದ ಆ ತುದಿಯನ್ನು 5 ಕೆಜಿ ಬಲದಲ್ಲಿ ಪಕ್ಕಕ್ಕೆ ಎಳೆಯಬೇಕು. ಮುಳ್ಳು 0.1 ಮಿ.ಮೀ. ಒಳಗೆ ನಿಂತರೆ ಮರದ ಕೆಲಸಕ್ಕೆ ಒಳ್ಳೆಯ ಯಂತ್ರ. ಅರ್ಧ ಮಿಲಿಮೀಟರ್ ದಾಟಿದರೆ ಗೇಜನ್ನು ಸ್ಪಿಂಡಲ್ ಹಿಡಿಕೆಗೆ, ಆಮೇಲೆ ಜಡ್ ಅಕ್ಷದ ಹಲಗೆಗೆ, ಗ್ಯಾಂಟ್ರಿಗೆ, ಅದರ ಕಾಲುಗಳಿಗೆ ಒಂದೊಂದಾಗಿ ಸರಿಸುತ್ತ ಅದೇ ಎಳೆತವನ್ನು ಮತ್ತೆ ಕೊಡಬೇಕು. ಎಲ್ಲಿ ಮುಳ್ಳಿನ ಓಟ ಒಮ್ಮೆಲೇ ತಗ್ಗುತ್ತದೋ ಅದಕ್ಕೂ ಅದರ ಹಿಂದಿನ ಭಾಗಕ್ಕೂ ನಡುವಿನ ಜೋಡಣೆಯೇ ಸಡಿಲ. ಮುಂದಿನ ತಿಂಗಳ ದುಡ್ಡು ಅಲ್ಲಿಗೆ ಹೋಗಬೇಕು.