ಹಂಚಿಕೆಯ ಫೋಲ್ಡರುಗಳೂ ಅವುಗಳ ಬೀಗದ ಕೈಗಳೂ



ನಮ್ಮ ಶಾಲೆಯ ಮಾರ್ಕುಗಳ ಪಟ್ಟಿ, ಹಾಜರಿ, ಫೀಸಿನ ರಿಯಾಯಿತಿಗಾಗಿ ಬಂದ ಅರ್ಜಿ ಮೊದಲಾದವುಗಳು ಹಿಂದೆ ಆಫೀಸಿನ ಮರದ ಬೀರುವಿನಲ್ಲಿ ಇದ್ದುದನ್ನು ನಿಮ್ಮಲ್ಲಿ ಅನೇಕರು ಕಂಡವರೇ ಆಗಿದ್ದೀರಿ. ಈಗ ಅವೆಲ್ಲವೂ ಸರ್ವರ್ ಎಂಬ ಒಂದು ಕಂಪ್ಯೂಟರಿನಲ್ಲಿದ್ದು, ಶಾಲೆಯ ಉಳಿದ ಕಂಪ್ಯೂಟರುಗಳಿಂದ ತೆರೆಯಲ್ಪಡುತ್ತವೆ. ಹೀಗೆ ಹಲವರು ಕೂಡಿ ಬಳಸುವ ಕಡತಗಳ ಕೋಶಕ್ಕೆ ಹಂಚಿಕೆಯ ಫೋಲ್ಡರ್ ಎಂದು ಹೆಸರು. ಬೀರು ಬದಲಾಯಿತೇ ಹೊರತು, ಬೀಗದ ಕೈ ಯಾರಲ್ಲಿರತಕ್ಕದ್ದೆಂಬ ಪ್ರಶ್ನೆಯು ಬದಲಾಗಲಿಲ್ಲ. ಕಳೆದ ವರ್ಷ ಈ ವಿಷಯದಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆದುದರಿಂದ, ಅದನ್ನು ಮುಚ್ಚಿಡದೆ, ಅದರಿಂದ ಕಲಿತುದನ್ನು ಇಲ್ಲಿ ವಿವರಿಸುವುದು ಯುಕ್ತವೆಂದು ಬಗೆದಿದ್ದೇವೆ.

ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಮಾರ್ಕುಗಳನ್ನು ಆ ಸಂಜೆಯೊಳಗಾಗಿ ಬರೆದು ಮುಗಿಸಬೇಕಾಗಿತ್ತು. ಹೊಸದಾಗಿ ಆ ತರಗತಿಯನ್ನು ವಹಿಸಿಕೊಂಡ ಉಪಾಧ್ಯಾಯಿನಿಯವರ ಹೆಸರನ್ನು ಅದೇ ಮಧ್ಯಾಹ್ನ ತಕ್ಕ ಗುಂಪಿಗೆ ಸೇರಿಸಿದ್ದರೂ ಅವರಿಗೆ ಫೋಲ್ಡರು ತೆರೆಯಲಿಲ್ಲ. ಅನುಮತಿಯಿಲ್ಲವೆಂಬ ಉತ್ತರವೇ ಬರುತ್ತಿತ್ತು. ಗಡಿಬಿಡಿಯಲ್ಲಿ ನಮ್ಮ ಗುಮಾಸ್ತರು, ನಮ್ಮ ಒಪ್ಪಿಗೆಯನ್ನು ಪಡೆದೇ, ಮೇಲಿನ ಫೋಲ್ಡರಿನಲ್ಲಿ ‘ಎವ್ರಿವನ್’, ಅಂದರೆ ಎಲ್ಲರಿಗೂ, ಪೂರ್ಣ ಅಧಿಕಾರವನ್ನು ಕೊಟ್ಟುಬಿಟ್ಟರು. ಆ ಸಂಜೆಯ ಕೆಲಸವೇನೋ ನಡೆಯಿತು. ಎರಡು ದಿನಗಳ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮ ಕೋಣೆಗೆ ಬಂದು, ಕಂಪ್ಯೂಟರಿನಲ್ಲಿ ತನ್ನ ಪಾಠವನ್ನು ಹುಡುಕುತ್ತಿರುವಾಗ ಗೆಳತಿಯ ತಾಯಿಯು ಬರೆದ ಫೀಸು ರಿಯಾಯಿತಿಯ ಅರ್ಜಿಯು ಕಣ್ಣಿಗೆ ಬಿತ್ತೆಂದೂ, ತಾನು ಯಾರಿಗೂ ಹೇಳಿಲ್ಲವೆಂದೂ ತಲೆ ತಗ್ಗಿಸಿ ತಿಳಿಸಿದಳು. ಒಂದು ಮನೆಯವರು ತಮ್ಮ ಕಷ್ಟವನ್ನು ನಂಬಿಕೆಯಿಂದ ನಮ್ಮ ಕೈಗೆ ಕೊಟ್ಟ ಕಾಗದವದು. ನಾವು ಆ ತಾಯಿಯ ಮನೆಗೆ ಹೋಗಿ ನಡೆದುದನ್ನು ಹೇಳಿ ಕ್ಷಮೆ ಬೇಡಿದೆವು.

ಹಾಗಾದರೆ ದೋಷವೆಲ್ಲಿತ್ತು? ವಿಂಡೋಸ್ ಪದ್ಧತಿಯ ಸರ್ವರಿನಲ್ಲಿ ಪ್ರತಿಯೊಂದು ಹಂಚಿಕೆಯ ಫೋಲ್ಡರಿಗೂ ಎರಡು ಬಾಗಿಲುಗಳುಂಟು. ಹೊರಗಿನದು ಹಂಚಿಕೆಯ ಅನುಮತಿ. ಇದರಲ್ಲಿ ಓದುವುದು, ಬದಲಾಯಿಸುವುದು, ಪೂರ್ಣ ಅಧಿಕಾರ ಎಂಬ ಮೂರು ತರಗಳು ಮಾತ್ರ. ಒಳಗಿನದು ಎನ್‌ಟಿಎಫ್‌ಎಸ್ ಅನುಮತಿ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಈ ಏರ್ಪಾಡು ಒಂದೊಂದು ಕಡತಕ್ಕೂ ಪ್ರತ್ಯೇಕವಾಗಿ ಬೀಗ ಹಾಕಬಲ್ಲದು. ಜಾಲದ ಮೂಲಕ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದರ ಮಾತೇ ನಡೆಯುತ್ತದೆ. ನಮ್ಮಲ್ಲಿ, ಅನೇಕ ಕಡೆಗಳಲ್ಲಿರುವಂತೆ, ಹೊರಬಾಗಿಲನ್ನು ಅಗಲವಾಗಿಟ್ಟು ಒಳಬಾಗಿಲಿನಿಂದಲೇ ಕಾವಲು ಮಾಡಲಾಗಿತ್ತು. ಆದಕಾರಣ ಒಳಬಾಗಿಲನ್ನು ಎಲ್ಲರಿಗೂ ತೆರೆದೊಡನೆ ಕಾವಲೇ ಇಲ್ಲದಂತಾಯಿತು. ಅದಲ್ಲದೆ, ಮೇಲಿನ ಫೋಲ್ಡರಿಗೆ ಕೊಟ್ಟ ಅನುಮತಿಯು, ನಾವು ತಡೆಯದಿದ್ದರೆ, ಕೆಳಗಿನವುಗಳಿಗೂ ಪಿತ್ರಾರ್ಜಿತದಂತೆ ಇಳಿಯುತ್ತದೆ. ಮಾರ್ಕುಗಳಿಗಾಗಿ ತೆರೆದ ಬಾಗಿಲು ಅರ್ಜಿಗಳನ್ನೂ ತೆರೆದದ್ದು ಹೀಗೆ.

ಇನ್ನು ಆ ಉಪಾಧ್ಯಾಯಿನಿಯವರ ತೊಂದರೆಗೆ ಕಾರಣವೇನೆಂದರೆ, ಒಬ್ಬರು ಗುಪ್ತಪದವನ್ನು ಕೊಟ್ಟು ಒಳಹೊಕ್ಕ ಗಳಿಗೆಯಲ್ಲಿ ಅವರು ಯಾವ ಯಾವ ಗುಂಪಿನವರೆಂಬುದು ಟೋಕನ್ ಎಂಬ ಚೀಟಿಯಲ್ಲಿ ಬರೆಯಲ್ಪಡುತ್ತದೆ. ಅವರು ಬೆಳಿಗ್ಗೆಯೇ ಒಳಹೊಕ್ಕಿದ್ದರು; ಗುಂಪಿಗೆ ಸೇರಿದ್ದು ಮಧ್ಯಾಹ್ನ. ಹಳೆಯ ಚೀಟಿಯಲ್ಲಿ ಹೊಸ ಗುಂಪು ಇರಲಿಲ್ಲ. ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕಿದ್ದರೆ ಸಾಕಾಗಿತ್ತು. ಎರಡು ನಿಮಿಷಗಳ ತಾಳ್ಮೆಯಿಲ್ಲದೆ ನಾವು ಒಂದು ಮನೆಯ ಮಾನವನ್ನು ಬಯಲಿಗಿಟ್ಟೆವು.

ಈಗ ಇಂಥ ತೊಂದರೆಯುಂಟಾದರೆ ನಾವು ಅನುಸರಿಸುವ ಕ್ರಮವಿದು. ಮೊದಲನೆಯದಾಗಿ, ಆ ವ್ಯಕ್ತಿಯ ಕಂಪ್ಯೂಟರಿನಲ್ಲಿ ‘ಹೂ ಆಮ್ ಐ’ ಎಂಬ ಆಜ್ಞೆಗೆ ‘ಗ್ರೂಪ್ಸ್’ ಎಂಬುದನ್ನು ಸೇರಿಸಿ, ಚೀಟಿಯಲ್ಲಿರುವ ಗುಂಪುಗಳನ್ನು ನೋಡುತ್ತೇವೆ. ನಾನು ಯಾರೆಂದು ಯಂತ್ರವನ್ನೇ ಕೇಳಿದಂತೆ ಇದು. ಎರಡನೆಯದಾಗಿ, ಹೊರಬಾಗಿಲನ್ನು ಪರೀಕ್ಷಿಸುತ್ತೇವೆ; ತೆರೆಯಲು ಬಂದು ಬರೆಯಲು ಬಾರದಿದ್ದರೆ ದೋಷವು ಹಲವು ವೇಳೆ ಅಲ್ಲಿಯೇ ಇರುತ್ತದೆ. ಮೂರನೆಯದಾಗಿ, ಒಳಬಾಗಿಲಿನಲ್ಲಿ ‘ಡಿನೈ’ ಎಂಬ ನಿರಾಕರಣೆಯುಂಟೋ ಎಂದು ನೋಡುತ್ತೇವೆ. ಹಲವು ಗುಂಪುಗಳಿಂದ ದೊರೆತ ಅನುಮತಿಗಳು ಕೂಡಿ ಬರುತ್ತವಾದರೂ, ಅದೇ ಫೋಲ್ಡರಿನಲ್ಲಿ ನೇರವಾಗಿ ಬರೆದ ಒಂದು ನಿರಾಕರಣೆಯು ಅವೆಲ್ಲವನ್ನೂ ಮೀರುತ್ತದೆ. ಬೇರೆ ಕಡೆಯಿಂದ ಸರಿಸಿ ತಂದ ಕಡತವಾದರೆ ಹಳೆಯ ಅನುಮತಿಯನ್ನೇ ಹೊತ್ತು ಬಂದಿರಬಹುದೆಂಬುದನ್ನೂ ಮರೆಯುವುದಿಲ್ಲ. ಕಡೆಯದಾಗಿ, ಫೋಲ್ಡರಿನ ಸುರಕ್ಷೆಯ ಪುಟದಲ್ಲಿರುವ ‘ಎಫೆಕ್ಟಿವ್ ಆಕ್ಸೆಸ್’ ಎಂಬಲ್ಲಿ ಆ ವ್ಯಕ್ತಿಯ ಹೆಸರು ಕೊಟ್ಟು, ಎಲ್ಲವನ್ನೂ ಕೂಡಿ ಕಳೆದ ಮೇಲೆ ಉಳಿಯುವ ಅಧಿಕಾರವೆಷ್ಟೆಂದು ತಿಳಿಯುತ್ತೇವೆ. ಇಷ್ಟಾಗುವ ತನಕ ಯಾವ ಬೀಗವನ್ನೂ ಸಡಿಲಿಸುವುದಿಲ್ಲ.

ಅನುಮತಿಯನ್ನು ವ್ಯಕ್ತಿಗಳಿಗೆ ಕೊಡದೆ ಗುಂಪುಗಳಿಗೇ ಕೊಡುವ ನಿಯಮವನ್ನೂ ಮಾಡಿಕೊಂಡಿದ್ದೇವೆ. ಯಾಕಂದರೆ, ಒಬ್ಬರು ಕೆಲಸ ಬಿಟ್ಟುಹೋಗಿ ಅವರ ಖಾತೆಯನ್ನು ಅಳಿಸಿದ ಮೇಲೆ, ಅವರ ಹೆಸರಿದ್ದ ಸ್ಥಳದಲ್ಲಿ ಒಂದು ಉದ್ದವಾದ ಸಂಖ್ಯೆ ಮಾತ್ರ ಉಳಿಯುತ್ತದೆ. ಅದೇ ಹೆಸರಿನಲ್ಲಿ ಹೊಸ ಖಾತೆ ತೆರೆದರೂ ಹಳೆಯ ಅಧಿಕಾರ ಬಾರದು, ಏಕೆಂದರೆ ಯಂತ್ರವು ಗುರುತಿಸುವುದು ಹೆಸರನ್ನಲ್ಲ, ಆ ಸಂಖ್ಯೆಯನ್ನು. ಗುಂಪುಗಳಾದರೆ ಉಪಾಧ್ಯಾಯಿನಿಯರು ಬದಲಾದರೂ ಬೀಗಗಳನ್ನು ಮುಟ್ಟಬೇಕಾದ್ದಿಲ್ಲ. ರಿಯಾಯಿತಿಯ ಅರ್ಜಿಗಳನ್ನು ಬೇರೆಯೇ ಫೋಲ್ಡರಿನಲ್ಲಿಟ್ಟು, ಮೇಲಿನಿಂದ ಇಳಿದುಬರುವ ಅನುಮತಿಯನ್ನು ಅಲ್ಲಿ ಕಡಿದುಹಾಕಿದ್ದೇವೆ. ಪ್ರತಿ ಅವಧಿಯ ಆರಂಭದಲ್ಲಿ ಗುಂಪುಗಳ ಪಟ್ಟಿಯನ್ನು ನಾವೇ ಕುಳಿತು ಓದುತ್ತೇವೆ. ಗುಮಾಸ್ತರ ಮೇಲೆ ಬಿಟ್ಟು ಸುಮ್ಮನಿರುವುದಿಲ್ಲ.

ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ. ಆದರೆ ಕಾಯಿದೆಗಿಂತಲೂ ಮೊದಲು ನಮಗೆ ಪಾಠ ಹೇಳಿದವಳು ಆ ಹುಡುಗಿ. ತೆರೆದಿದ್ದ ಬಾಗಿಲಿನೊಳಗೆ ಕಂಡುದನ್ನು ಅವಳು ಗೆಳತಿಯರ ನಡುವೆ ಆಡಿಕೊಳ್ಳದೆ, ಬಾಗಿಲು ತೆರೆದಿದೆಯೆಂದು ಬಂದು ಹೇಳಿದಳು. ಪೋಷಕರೇ, ನೀವು ನಮಗೆ ಒಪ್ಪಿಸಿದ ಕಾಗದವನ್ನು ಯಾರು ನೋಡಬಲ್ಲರೆಂದು ಕೇಳಲು ಸಂಕೋಚಪಡಬೇಡಿರಿ. ಉತ್ತರ ಕೊಡುವುದು ನಮ್ಮ ಹೊಣೆ. ಹಳೆಯ ವಿದ್ಯಾರ್ಥಿನಿಯರೇ, ಈಗ ಆಫೀಸುಗಳಲ್ಲಿ ಇಂಥ ಬೀಗದ ಕೈಗಳನ್ನು ಹಿಡಿದಿರುವ ನೀವು, ಅವಸರದಲ್ಲಿ ‘ಎಲ್ಲರಿಗೂ’ ಎಂದು ಬರೆಯುವ ಮುಂಚೆ, ಒಂದು ಗಳಿಗೆ ಆ ತಾಯಿಯನ್ನು ನೆನೆಯಿರೆಂದು ಬೇಡುತ್ತೇವೆ.